ಕಾಂಪೌಂಡಿನ ಆಚೆ ಇರುವವರಿಗೆ ಕಾರ್ಖಾನೆ ಏನು ಹೇಳಬೇಕು?

1959ರ ಡಿಸೆಂಬರ್ ತಿಂಗಳು. ಜಪಾನಿನ ಮಿನಮಾಟಾ ಎಂಬ ಕರಾವಳಿ ಪಟ್ಟಣದಲ್ಲಿ ಚಿಸ್ಸೋ ಎಂಬ ರಾಸಾಯನಿಕ ಕಂಪನಿ ತನ್ನ ಕಾರ್ಖಾನೆಯ ಕೊಳೆನೀರು ಶುದ್ಧ ಮಾಡುವ ಹೊಸ ಯಂತ್ರವೊಂದನ್ನು ಉದ್ಘಾಟಿಸಿತು. ಸಮಾರಂಭದಲ್ಲಿ ಕಂಪನಿಯ ಅಧ್ಯಕ್ಷರು ಒಂದು ಲೋಟ ನೀರು ಕೈಗೆತ್ತಿಕೊಂಡರು. ಯಂತ್ರದಿಂದ ಶುದ್ಧವಾಗಿ ಬಂದ ನೀರು ಇದೇ ಎಂದು ಎಲ್ಲರೆದುರು ಕುಡಿದು ತೋರಿಸಿದರು. ನಿಜ ಸಂಗತಿ ಬೇರೆಯೇ ಇತ್ತು. ಪಾದರಸ ಹೊರಬರುತ್ತಿದ್ದ ಅಸಿಟಾಲ್ಡಿಹೈಡ್ ಎಂಬ ರಾಸಾಯನಿಕದ ಘಟಕದ ನೀರು ಆ ಯಂತ್ರಕ್ಕೆ ಹೋಗುತ್ತಲೇ ಇರಲಿಲ್ಲ. ನೀರಿನಲ್ಲಿ ಕರಗಿದ ಪಾದರಸವನ್ನು ತೆಗೆಯುವುದಕ್ಕೆಂದು ಆ ಯಂತ್ರವನ್ನು ಕಟ್ಟಿಸಿಯೂ ಇರಲಿಲ್ಲ.

ಅದಕ್ಕೂ ಮೂರು ವರ್ಷ ಮೊದಲೇ, 1956ರ ಮೇ ತಿಂಗಳಲ್ಲಿ, ಕೈಕಾಲು ಸ್ವಾಧೀನ ತಪ್ಪಿದ, ಮಾತು ತೊದಲುವ ಮಕ್ಕಳ ವಿಷಯ ಸರ್ಕಾರಿ ದಾಖಲೆಗೆ ಬಂದಿತ್ತು. ಸಮುದ್ರ ಸೇರಿದ ಪಾದರಸ ಮೀನಿನ ಮೂಲಕ ಮೀನುಗಾರರ ಕುಟುಂಬಗಳ ಮೈ ಸೇರುತ್ತಿತ್ತು. ವರದಿ ಮಾಡಿದ್ದು ಕಾರ್ಖಾನೆಯದೇ ಆಸ್ಪತ್ರೆ. ಅಲ್ಲಿನ ಮುಖ್ಯ ವೈದ್ಯ ಹಾಜಿಮೆ ಹೊಸೊಕಾವಾ ಸುಮ್ಮನೆ ಕೂರಲಿಲ್ಲ. ಆ ಘಟಕದ ಕೊಳೆನೀರನ್ನು ಬೆಕ್ಕುಗಳ ಆಹಾರಕ್ಕೆ ಬೆರೆಸಿ ಪರೀಕ್ಷೆ ಮಾಡಿದರು. 1959ರ ಅಕ್ಟೋಬರ್‌ನಲ್ಲಿ 400ನೇ ಸಂಖ್ಯೆಯ ಬೆಕ್ಕು ಮನುಷ್ಯರ ಹಾಗೆಯೇ ಸೆಳವಿನಿಂದ ಒದ್ದಾಡಿತು. ಕಂಪನಿಯ ಮೇಲಿನವರಿಗೆ ವಿಷಯ ತಿಳಿಯಿತು. ಪ್ರಯೋಗಕ್ಕೆ ತಡೆ ಬಿತ್ತು, ಫಲಿತಾಂಶ ಗೋಡೆಯೊಳಗೇ ಉಳಿಯಿತು. ಅದೇ ಡಿಸೆಂಬರ್ 30ರಂದು ರೋಗಿಗಳ ಕುಟುಂಬಗಳ ಜೊತೆ ಕಂಪನಿ ಒಪ್ಪಂದ ಮಾಡಿಕೊಂಡು 'ಸಾಂತ್ವನದ ಹಣ' ಕೊಟ್ಟಿತು. ಅದರಲ್ಲೊಂದು ಷರತ್ತಿತ್ತು. ಮುಂದೆಂದಾದರೂ ರೋಗಕ್ಕೆ ಕಾರ್ಖಾನೆಯ ನೀರೇ ಕಾರಣವೆಂದು ಸಾಬೀತಾದರೂ ಮತ್ತೆ ಪರಿಹಾರ ಕೇಳುವಂತಿಲ್ಲ. ಪಾದರಸ ಬಿಡುತ್ತಿದ್ದ ಆ ಘಟಕ ಬಂದ್ ಆದದ್ದು 1968ರಲ್ಲಿ. ಆ ಷರತ್ತು ಸಾರ್ವಜನಿಕ ನೀತಿಗೆ ವಿರುದ್ಧವೆಂದು ಕುಮಾಮೊಟೊ ಜಿಲ್ಲಾ ನ್ಯಾಯಾಲಯ ಅದನ್ನು ಅಸಿಂಧುಗೊಳಿಸಿದ್ದು 1973ರಲ್ಲಿ.

ಕೈಗಾರಿಕೆಗಳು ತಮ್ಮ ಅಕ್ಕಪಕ್ಕದ ಜನರ ಜೊತೆ ಹೇಗೆ ನಡೆದುಕೊಳ್ಳುತ್ತವೆ ಎಂದು ವಿವರಿಸಲು ಹೊರಟಾಗ ನನಗೆ ಮೊದಲು ನೆನಪಾಗುವುದು ಆ ನೀರಿನ ಲೋಟ. ಯಾಕೆಂದರೆ ಈ ಇಡೀ ವಿಷಯದಲ್ಲಿ ಜನ ಗೊಂದಲ ಮಾಡಿಕೊಳ್ಳುವ ಜಾಗ ಅಲ್ಲಿಯೇ ಇದೆ. ಸಮಾರಂಭ ಇತ್ತು, ಹಣವೂ ಇತ್ತು, ಒಪ್ಪಂದಕ್ಕೆ ಸಹಿಯೂ ಬಿದ್ದಿತ್ತು. ದೂರದಿಂದ ನೋಡಿದವರಿಗೆ ಕಂಪನಿ ಊರಿನ ಜೊತೆ ಚೆನ್ನಾಗಿಯೇ ಮಾತಾಡುತ್ತಿದೆ ಅನ್ನಿಸುವಂತಿತ್ತು. ಇರಬೇಕಾದದ್ದು ಒಂದೇ ಇರಲಿಲ್ಲ: ಬೆಕ್ಕಿನ ವಿಷಯ ಮೀನುಗಾರರಿಗೆ ಗೊತ್ತಿರಲಿಲ್ಲ.

ಕೊಡುವುದು ಬೇರೆ, ಹೇಳುವುದು ಬೇರೆ

ಕಂಪನಿ ಮತ್ತು ನೆರೆಹೊರೆಯ ನಡುವೆ ಹರಿಯುವುದು ಮುಖ್ಯವಾಗಿ ಎರಡು. ಒಂದು ಹಣ: ಶಾಲೆಗೆ ಕೊಠಡಿ, ಆರೋಗ್ಯ ಶಿಬಿರ, ಕುಡಿಯುವ ನೀರಿನ ಘಟಕ, ವಿದ್ಯಾರ್ಥಿ ವೇತನ. ಇನ್ನೊಂದು ಮಾಹಿತಿ ಮತ್ತು ಮಾತು: ಒಳಗೆ ಏನು ತಯಾರಾಗುತ್ತದೆ, ಚಿಮಣಿಯಿಂದ ಏನು ಹೋಗುತ್ತದೆ, ಅವಘಡವಾದರೆ ಎಷ್ಟು ದೂರ ತಟ್ಟುತ್ತದೆ, ಇದರಲ್ಲಿ ನಮ್ಮ ಮಾತಿಗೆ ಎಷ್ಟು ಬೆಲೆ. ಭಾರತದ 2013ರ ಕಂಪನಿ ಕಾಯ್ದೆಯ 135ನೇ ಕಲಂ ಒಂದು ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಕನಿಷ್ಠ ಶೇ. 2ರಷ್ಟನ್ನು ಸಾಮಾಜಿಕ ಕೆಲಸಗಳಿಗೆ ಖರ್ಚು ಮಾಡಬೇಕೆನ್ನುತ್ತದೆ. ನಾವು ದಿನವೂ ಕೇಳುವ ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ, ಅದು. ಒಳ್ಳೆಯದೇ. ಆದರೆ ಅದು ಮೊದಲನೆಯ ಬಗೆಗೆ ಸೇರಿದ್ದು. ಕಾರ್ಖಾನೆಯ ಪಕ್ಕದ ಮನೆಯವರಿಗೆ ಬೇಕಾದದ್ದು ಬಹುಪಾಲು ಎರಡನೆಯದು, ಮತ್ತು ಮೊದಲನೆಯದು ಎಷ್ಟೇ ಧಾರಾಳವಾಗಿದ್ದರೂ ಎರಡನೆಯದರ ಕೊರತೆಯನ್ನು ತುಂಬಲಾರದು. ಮಗುವಿಗೆ ಶಾಲಾ ಬ್ಯಾಗ್ ಕೊಟ್ಟವರೇ ಆ ಮಗು ಉಸಿರಾಡುವ ಗಾಳಿಯಲ್ಲಿ ಏನಿದೆ ಎಂದು ಹೇಳದಿದ್ದರೆ, ಆ ಬ್ಯಾಗಿನಿಂದ ವಿಶ್ವಾಸ ಬೆಳೆಯುವುದಿಲ್ಲ.

ಮಾಹಿತಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಭೋಪಾಲ್ ಸಾಕು. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯ 610ನೇ ಸಂಖ್ಯೆಯ ಟ್ಯಾಂಕಿಗೆ ನೀರು ಸೇರಿತು. ಒಳಗಿದ್ದ ಮಿಥೈಲ್ ಐಸೋಸಯನೇಟ್ ಎಂಬ ವಿಷ ರಾಸಾಯನಿಕ ಕಾದು, ಸುಮಾರು 40 ಟನ್ ಅನಿಲ ಊರಿನ ಮೇಲೆ ಹರಡಿತು. ಶೈತ್ಯೀಕರಣ ಘಟಕವನ್ನು ಮೊದಲೇ ನಿಲ್ಲಿಸಿದ್ದರು, ಅನಿಲ ಸುಡುವ ಫ್ಲೇರ್ ಗೋಪುರ ಕೆಲಸಕ್ಕಿರಲಿಲ್ಲ. ಇದು ಎಂಜಿನಿಯರಿಂಗ್ ಸೋಲು. ಅದರ ಜೊತೆಗೆ ಇನ್ನೊಂದು ಸೋಲಿತ್ತು, ನನ್ನ ಮಟ್ಟಿಗೆ ಅದು ಅಷ್ಟೇ ದೊಡ್ಡದು. ಗೋಡೆಗೆ ತಾಗಿಯೇ ಗುಡಿಸಲುಗಳಲ್ಲಿದ್ದ ಜನರಿಗೆ ಒಳಗಿರುವುದು ಏನು ಎಂಬುದೇ ಗೊತ್ತಿರಲಿಲ್ಲ. ಕಣ್ಣು ಉರಿದಾಗ ಎದ್ದು ಓಡಿದರು. ಓಡಿದವರು ಏದುಸಿರು ಬಿಟ್ಟು ಇನ್ನಷ್ಟು ಅನಿಲ ಒಳಗೆಳೆದುಕೊಂಡರು. ಒದ್ದೆ ಬಟ್ಟೆಯನ್ನು ಮೂಗು ಬಾಯಿಗೆ ಹಿಡಿಯಿರಿ, ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ ಸರಿಯಿರಿ ಎಂಬ ಎರಡು ಮಾತು ಮೊದಲೇ ತಿಳಿದಿದ್ದರೆ ಎಷ್ಟೋ ಜೀವ ಉಳಿಯುತ್ತಿತ್ತು. ಆಸ್ಪತ್ರೆಗೆ ಸಾವಿರಗಟ್ಟಲೆ ಜನ ಬಂದಾಗ ವೈದ್ಯರಿಗೂ ಯಾವ ಅನಿಲ, ಏನು ಚಿಕಿತ್ಸೆ ಎಂಬುದು ತಿಳಿದಿರಲಿಲ್ಲ. 1982ರಿಂದಲೇ ಪತ್ರಕರ್ತ ರಾಜಕುಮಾರ್ ಕೇಸ್ವಾನಿ ಊರು ಅಪಾಯದಲ್ಲಿದೆ ಎಂದು ಬರೆಯುತ್ತಿದ್ದರು. ಅದೇ ವರ್ಷ ಕಂಪನಿಯ ಅಮೆರಿಕದ ತಂಡವೊಂದು ಬಂದು ಕಾರ್ಖಾನೆಯ ಸುರಕ್ಷತೆಯನ್ನು ಪರಿಶೀಲಿಸಿ ಲೋಪಗಳನ್ನು ಪಟ್ಟಿ ಮಾಡಿತ್ತು. ಆ ಪಟ್ಟಿಯೂ ಗೋಡೆಯೊಳಗಿನ ಕಾಗದವಾಗಿಯೇ ಉಳಿಯಿತು.

ಭೋಪಾಲ್‌ಗೆ ಎಂಟು ವರ್ಷ ಮೊದಲು, 1976ರ ಜುಲೈ 10ರಂದು, ಇಟಲಿಯ ಸೆವೆಸೊ ಬಳಿಯ ಕಾರ್ಖಾನೆಯಿಂದ ಡಯಾಕ್ಸಿನ್ ಎಂಬ ವಿಷ ಇದ್ದ ಮೋಡ ಹೊರಟಿತ್ತು. ಜನರನ್ನು ಮನೆಗಳಿಂದ ತೆರವು ಮಾಡಲು ಶುರುಮಾಡಿದ್ದು ಹದಿನಾರು ದಿನ ಕಳೆದ ಮೇಲೆ. ಯುರೋಪಿನ ದೇಶಗಳು 1982ರಲ್ಲಿ ಆ ಊರಿನ ಹೆಸರಿನದೇ ನಿಯಮ ತಂದವು. ಅಪಾಯದ ವ್ಯಾಪ್ತಿಯಲ್ಲಿರುವ ಜನರಿಗೆ ಮೊದಲೇ ಮಾಹಿತಿ ಕೊಡಬೇಕೆಂಬುದು ಅದರ ಒಂದು ಭಾಗ.

ಒಂದು ಪಟ್ಟಿ ಪ್ರಕಟವಾದಾಗ

ಭೋಪಾಲ್ ಆದ ಮೇಲೆ ಕಾನೂನುಗಳು ಒಂದರ ಹಿಂದೆ ಒಂದು ಬಂದವು. ಭಾರತದಲ್ಲಿ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. 1987ರಲ್ಲಿ ಕಾರ್ಖಾನೆಗಳ ಕಾಯ್ದೆಗೆ ಮಾಡಿದ ತಿದ್ದುಪಡಿಯ ಪ್ರಕಾರ ಅಪಾಯಕಾರಿ ಕಾರ್ಖಾನೆಗಳು ಕಾರ್ಮಿಕರಿಗೆ ಮಾತ್ರವಲ್ಲ, ಸುತ್ತಮುತ್ತಲಿನ ಜನರಿಗೂ ಅಪಾಯದ ಮಾಹಿತಿ ಕೊಡಬೇಕಾಯಿತು. 1989ರ ನಿಯಮಗಳು ಗೋಡೆಯಾಚೆಗೂ ಅನ್ವಯವಾಗುವ ತುರ್ತು ಯೋಜನೆಯನ್ನು ಕಡ್ಡಾಯ ಮಾಡಿದವು. 1996ರ ನಿಯಮಗಳು ಕೇಂದ್ರದಿಂದ ಹಿಡಿದು ಸ್ಥಳೀಯ ಮಟ್ಟದವರೆಗೆ ಬಿಕ್ಕಟ್ಟು ನಿರ್ವಹಣಾ ಗುಂಪುಗಳಿರಬೇಕು ಎಂದವು. ಕೆನಡಾದ ರಾಸಾಯನಿಕ ಕಂಪನಿಗಳು 1985ರಲ್ಲಿ 'ರೆಸ್ಪಾನ್ಸಿಬಲ್ ಕೇರ್' ಎಂಬ ಸ್ವಯಂ ನಿಯಂತ್ರಣದ ಕಾರ್ಯಕ್ರಮ ಆರಂಭಿಸಿದವು, ಅದು ಬೇರೆ ದೇಶಗಳಿಗೂ ಹರಡಿತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 1988ರಲ್ಲಿ, ಕಾರ್ಖಾನೆ, ಸ್ಥಳೀಯ ಆಡಳಿತ ಮತ್ತು ಜನ ಒಟ್ಟಿಗೆ ಕೂತು ತುರ್ತು ಯೋಜನೆ ಮಾಡುವ ವಿಧಾನವೊಂದನ್ನು ರೂಪಿಸಿತು.

ಇವೆಲ್ಲದರಲ್ಲಿ ನನಗೆ ಹೆಚ್ಚು ಪಾಠ ಹೇಳಿಕೊಟ್ಟದ್ದು ಅಮೆರಿಕದ 1986ರ ಕಾನೂನು. ಅದನ್ನು ಜನರ 'ತಿಳಿಯುವ ಹಕ್ಕಿನ' ಕಾನೂನು ಎನ್ನುತ್ತಾರೆ. ಅದರ ಒಂದು ಭಾಗ ತುಂಬ ಸರಳ. ಒಂದು ಮಿತಿಗಿಂತ ದೊಡ್ಡದಾದ ಪ್ರತಿ ಕಾರ್ಖಾನೆ ಪಟ್ಟಿಯಲ್ಲಿರುವ ವಿಷವಸ್ತುಗಳನ್ನು ವರ್ಷಕ್ಕೆ ಎಷ್ಟು ಗಾಳಿಗೆ, ಎಷ್ಟು ನೀರಿಗೆ, ಎಷ್ಟು ಮಣ್ಣಿಗೆ ಬಿಟ್ಟಿತು ಎಂದು ಸರ್ಕಾರಕ್ಕೆ ವರದಿ ಮಾಡಬೇಕು, ಸರ್ಕಾರ ಅದನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. 'ಇಷ್ಟು ಕಡಿಮೆ ಮಾಡಿ' ಎಂದು ಈ ಭಾಗ ಯಾರಿಗೂ ಹೇಳಲಿಲ್ಲ. ಎಷ್ಟೆಂದು ಹೇಳಿ, ಅಷ್ಟೇ ಅಂದಿತು. 1988ರ ಜೂನ್ ತಿಂಗಳಲ್ಲಿ, ದೇಶದ ಪೂರ್ಣ ಪಟ್ಟಿ ಜನರ ಕೈಗೆ ಬರುವ ಮೊದಲೇ, ಮೊನ್ಸಾಂಟೊ ಕಂಪನಿಯ ಮುಖ್ಯಸ್ಥ ರಿಚರ್ಡ್ ಮಹೋನಿ ತಮ್ಮ ಕಾರ್ಖಾನೆಗಳು ಗಾಳಿಗೆ ಬಿಡುವ ವಿಷವಸ್ತುಗಳನ್ನು 1992ರ ಕೊನೆಯ ಹೊತ್ತಿಗೆ ಶೇ. 90ರಷ್ಟು ತಗ್ಗಿಸುವುದಾಗಿ ಘೋಷಿಸಿದರು. ಅಷ್ಟನ್ನು ತಗ್ಗಿಸಿ ಎಂದು ಯಾವ ನಿಯಮವೂ ಅವರನ್ನು ಒತ್ತಾಯಿಸಿರಲಿಲ್ಲ. ತಮ್ಮ ಅಂಕಿಗಳನ್ನು ನೆರೆಯವರು ಓದಲಿದ್ದಾರೆ ಎಂಬುದು ಸಾಕಾಯಿತು. ಅದುವರೆಗೆ ಒಳಗಿನ ಕಡತದಲ್ಲಿ ಬರೀ ಸಂಖ್ಯೆಯಾಗಿದ್ದದ್ದು ಊರಿನವರು ಓದುತ್ತಾರೆ ಎಂದೊಡನೆ ಮುಖ್ಯಸ್ಥರ ಮೇಜಿನ ಮೇಲಿನ ಸಮಸ್ಯೆಯಾಯಿತು.

ಅಳೆಯುವ ಉಪಕರಣ ಯಾರ ಕೈಯಲ್ಲಿದೆ?

ಆದರೂ ಆ ಪಟ್ಟಿಯಲ್ಲೊಂದು ದೌರ್ಬಲ್ಯವಿದೆ. ಅಂಕಿಗಳನ್ನು ಕೊಡುವುದು ಕಂಪನಿಯೇ, ಬಹಳಷ್ಟು ಸಲ ಅವು ನೇರವಾಗಿ ಅಳೆದವಲ್ಲ, ಲೆಕ್ಕ ಹಾಕಿ ಅಂದಾಜು ಮಾಡಿದವು. ಪಕ್ಕದ ಮನೆಯ ಕಿಟಕಿಯ ಹತ್ತಿರ ಗಾಳಿಯಲ್ಲಿ ಏನಿದೆ ಎಂಬುದನ್ನು ಅವು ಹೇಳುವುದಿಲ್ಲ.

1994ರಲ್ಲಿ ಕ್ಯಾಲಿಫೋರ್ನಿಯಾದ ರೋಡಿಯೊ ಎಂಬಲ್ಲಿ ತೈಲ ಸಂಸ್ಕರಣಾಗಾರದಿಂದ ಹದಿನಾರು ದಿನ ರಾಸಾಯನಿಕ ಸೋರಿತು. ಅದಾದ ಮೇಲೆ ಅಲ್ಲಿನ ಜನರ ಪರ ನಿಂತ ವಕೀಲ ಎಡ್ ಮಾಸ್ರಿ, ಸಾಮಾನ್ಯರೇ ಗಾಳಿಯ ಮಾದರಿ ಹಿಡಿಯಬಲ್ಲ ಅಗ್ಗದ ಸಾಧನವೊಂದನ್ನು ಮಾಡಿಸಿದರು. ಅದು ಮನೆಯಲ್ಲಿ ಬಳಸುವಂಥ ಪ್ಲಾಸ್ಟಿಕ್ ಬಕೆಟ್. ಒಳಗೆ ರಾಸಾಯನಿಕಗಳನ್ನು ಹೀರಿಕೊಳ್ಳದ ವಿಶೇಷ ಪ್ಲಾಸ್ಟಿಕ್ಕಿನ ಖಾಲಿ ಚೀಲ, ಅದರ ಬಾಯಿ ಮುಚ್ಚಳದ ಮೂಲಕ ಹೊರಗೆ ಚಾಚಿರುತ್ತದೆ. ಮುಚ್ಚಳ ಬಿಗಿದು, ಬಕೆಟ್ಟಿನೊಳಗಿನ ಗಾಳಿಯನ್ನು ಸಣ್ಣ ಪಂಪಿನಿಂದ ಎಳೆದು ಖಾಲಿ ಮಾಡಿದರೆ, ಆ ಜಾಗ ತುಂಬಲು ಚೀಲ ತಾನೇ ಉಬ್ಬಿ ಹೊರಗಿನ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಕೆಟ್ಟ ವಾಸನೆ ಬಂದ ಆ ಹೊತ್ತಿಗೇ ಮಾದರಿ ಸಿಕ್ಕಿತು. ಚೀಲದ ಬಾಯಿ ಮುಚ್ಚಿ ಪ್ರಯೋಗಾಲಯಕ್ಕೆ ಕಳಿಸಿದರೆ ಯಾವ ವಸ್ತು, ಎಷ್ಟು ಎಂಬ ಉತ್ತರ ಬರುತ್ತದೆ. 'ವಾಸನೆ ಬಂತು' ಎಂದರೆ 'ನಿಮಗೆ ಹಾಗನ್ನಿಸಿತು ಅಷ್ಟೇ' ಎಂದು ಕಳಿಸಿಬಿಡಬಹುದು. 'ರಾತ್ರಿ ಇಷ್ಟು ಹೊತ್ತಿಗೆ ಇಷ್ಟು ಬೆಂಜೀನ್ ಇತ್ತು' ಎಂದರೆ ಹಾಗೆ ಕಳಿಸಲಾಗದು.

ಲೂಸಿಯಾನಾದ ನಾರ್ಕೊ ಪಟ್ಟಣದ ಡೈಮಂಡ್ ಎಂಬ ಬಡಾವಣೆ ಶೆಲ್ ಕಂಪನಿಯ ರಾಸಾಯನಿಕ ಘಟಕಕ್ಕೆ ತಾಗಿಕೊಂಡೇ ಇತ್ತು. ಅಲ್ಲೇ ಹುಟ್ಟಿ ಬೆಳೆದ ಶಿಕ್ಷಕಿ ಮಾರ್ಗಿ ರಿಚರ್ಡ್ ನೆರೆಯವರನ್ನು ಸೇರಿಸಿಕೊಂಡು ಬಕೆಟ್ ಮಾದರಿಗಳನ್ನು ತೆಗೆಸಿದರು. ತಮ್ಮನ್ನು ಬೇರೆ ಕಡೆಗೆ ಸ್ಥಳಾಂತರಿಸಿ ಎಂಬುದು ಬಡಾವಣೆಯವರ ಬೇಡಿಕೆ. ಕಂಪನಿ ಮೊದಲು ನಾಲ್ಕು ಬೀದಿಗಳಲ್ಲಿ ಎರಡರ ಮನೆಗಳನ್ನು ಮಾತ್ರ ಕೊಳ್ಳುತ್ತೇನೆಂದಿತು. ಆಚೆ ಬೀದಿಯವರು ಹೋಗಬಹುದು, ಈಚೆಯವರು ಇರಬೇಕು ಎಂದರೆ ಸಂಬಂಧಿಕರೇ ಎರಡು ಪಾಲಾಗುತ್ತಾರೆ. ಅವರು ಬಿಡಲಿಲ್ಲ. 2002ರಲ್ಲಿ ನಾಲ್ಕೂ ಬೀದಿಗಳಿಗೆ ಒಪ್ಪಂದವಾಯಿತು. 2004ರಲ್ಲಿ ಮಾರ್ಗಿ ರಿಚರ್ಡ್ ಅವರಿಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು.

ಇಂಥ ಹೋರಾಟಗಳು ನಿಯಮದ ಪುಸ್ತಕಕ್ಕೂ ದಾರಿ ಮಾಡಿಕೊಟ್ಟವು. 2015ರ ಅಮೆರಿಕದ ನಿಯಮದ ಪ್ರಕಾರ ತೈಲ ಸಂಸ್ಕರಣಾಗಾರಗಳು ತಮ್ಮ ಗಡಿಯುದ್ದಕ್ಕೂ ಬೆಂಜೀನ್ ಅಳೆಯುವ ನಳಿಗೆಗಳನ್ನಿಟ್ಟು, ಎರಡು ವಾರಕ್ಕೊಮ್ಮೆ ಮಾದರಿ ತೆಗೆದು, ಅಂಕಿಗಳನ್ನು ಪ್ರಕಟವಾಗುವಂತೆ ಕೊಡಬೇಕು. ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಳತೆಗಳ ನಡುವಿನ ವ್ಯತ್ಯಾಸದ ವಾರ್ಷಿಕ ಸರಾಸರಿ ಒಂದು ಘನ ಮೀಟರಿಗೆ 9 ಮೈಕ್ರೋಗ್ರಾಂ ದಾಟಿದರೆ ಮೂಲ ಹುಡುಕಿ ಸರಿಪಡಿಸಬೇಕು. ಇಲ್ಲಿನ ಜಾಣತನ ಅಳೆಯುವ ಜಾಗದಲ್ಲಿದೆ. ಚಿಮಣಿಯ ತುದಿಯನ್ನು ಬಿಟ್ಟು ಬೇಲಿಯಲ್ಲಿ ಅಳೆಯುತ್ತಾರೆ. ಹಳೆಯ ವಾಲ್ವ್, ಸವೆದ ಗ್ಯಾಸ್ಕೆಟ್, ಮುಚ್ಚಳ ಸರಿಯಿಲ್ಲದ ಟ್ಯಾಂಕ್, ಹೀಗೆ ಯಾವ ಕಡತದಲ್ಲೂ ಕಾಣದೆ ಸೋರುವುದೆಲ್ಲ ಬೇಲಿಯ ಹತ್ತಿರ ಸಿಕ್ಕಿಬೀಳುತ್ತದೆ.

ಸಭೆ ಕರೆದರೆ ಸಾಕೇ?

ಮಾಹಿತಿ ಸಿಕ್ಕ ಮೇಲೆ ಬರುವ ಪ್ರಶ್ನೆ, ತೀರ್ಮಾನದಲ್ಲಿ ನೆರೆಯವರ ಪಾಲೆಷ್ಟು? ಅಮೆರಿಕದ ಶೆರ್ರಿ ಆರ್ನ್‌ಸ್ಟೀನ್ 1969ರಲ್ಲಿ ಜನರ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲ ಏಣಿಯಾಗಿ ವಿವರಿಸಿದರು. ತೀರಾ ಕೆಳಗೆ ಜನರನ್ನು ಕೂರಿಸಿಕೊಂಡು ತಮಗೆ ಬೇಕಾದ ಹಾಗೆ ತಲೆಯಾಡಿಸುವಂತೆ ಮಾಡುವುದು. ನಡುವೆ ಮಾಹಿತಿ ಕೊಡುವುದು, ಅಭಿಪ್ರಾಯ ಕೇಳುವುದು. ಮೇಲೆ ಹೋದಂತೆ ಪಾಲುದಾರಿಕೆ, ಅಧಿಕಾರ ಹಂಚಿಕೆ, ಕೊನೆಗೆ ಜನರ ಕೈಯಲ್ಲೇ ನಿರ್ಧಾರ. ನೆರೆಯವರ ಜೊತೆಗಿನ ಯಾವುದೇ ಸಭೆಯನ್ನು ನೋಡಿದಾಗ ಇದು ಯಾವ ಮೆಟ್ಟಿಲು ಎಂದು ಕೇಳಿಕೊಂಡರೆ ಅರ್ಧ ವಿಷಯ ಅರ್ಥವಾಗಿಬಿಡುತ್ತದೆ.

ನಾನು ಮುಖ್ಯವಾಗಿ ನೋಡುವುದು ಸಮಯವನ್ನು. ಜಾಗ ಕೊಂಡು, ಯಂತ್ರಕ್ಕೆ ಆರ್ಡರ್ ಕೊಟ್ಟು, ಸಾಲ ಮಂಜೂರಾದ ಮೇಲೆ ನಡೆಯುವ ಅಹವಾಲು ಸಭೆಯಲ್ಲಿ ಬದಲಾಗಬಲ್ಲದ್ದು ಬಹಳ ಕಡಿಮೆ. ರಸ್ತೆ ಯಾವ ಕಡೆ, ಗೋಡೆ ಎಷ್ಟೆತ್ತರ ಎಂಬಷ್ಟೇ ಉಳಿದಿರುತ್ತದೆ. ನಕ್ಷೆ ಇನ್ನೂ ಪೆನ್ಸಿಲ್ಲಿನಲ್ಲಿದ್ದಾಗ ಕರೆದರೆ ಟ್ಯಾಂಕುಗಳನ್ನು ಶಾಲೆಯ ದಿಕ್ಕಿನಿಂದ ಆಚೆಗೆ ಸರಿಸಬಹುದು, ಅಪಾಯಕಾರಿ ವಸ್ತುವಿನ ದಾಸ್ತಾನನ್ನೇ ಕಡಿಮೆ ಮಾಡಬಹುದು, ಬೇರೆ ವಿಧಾನ ಹುಡುಕಬಹುದು.

ಇದನ್ನು ಆಸ್ಟ್ರೇಲಿಯಾದ ಜೂಕನ್ ಕಣಿವೆಯಷ್ಟು ನೋವಿನಿಂದ ತೋರಿಸುವ ಘಟನೆ ಇನ್ನೊಂದಿಲ್ಲ. 2020ರ ಮೇ 24ರಂದು ರಿಯೊ ಟಿಂಟೊ ಕಂಪನಿ ಕಬ್ಬಿಣದ ಅದಿರಿಗಾಗಿ ಅಲ್ಲಿ ಸ್ಫೋಟ ನಡೆಸಿತು. ಹಾಳಾದದ್ದು 46,000 ವರ್ಷಗಳಿಂದ ಮನುಷ್ಯರ ಓಡಾಟದ ಕುರುಹು ಇದ್ದ ಬಂಡೆಯ ಗುಹೆಗಳು. ಪೂಟು ಕುಂಟಿ ಕುರ್ರಮಾ ಮತ್ತು ಪಿನಿಕುರಾ ಜನರಿಗೆ ಅದು ಪೂರ್ವಿಕರ ಜಾಗ. ಹಿಂದಿನ ಉತ್ಖನನದಲ್ಲಿ ಸುಮಾರು 4,000 ವರ್ಷ ಹಳೆಯ, ತಲೆಗೂದಲಿನಿಂದ ಹೆಣೆದ ಪಟ್ಟಿಯ ತುಂಡು ಸಿಕ್ಕಿತ್ತು. ಆ ಕೂದಲಿನ ಡಿಎನ್‌ಎ ಇವತ್ತಿನ ಅದೇ ಜನರ ಜೊತೆ ಹೊಂದಿತ್ತು. ಕಾನೂನಿನ ಪ್ರಕಾರ ಕಂಪನಿಯ ಬಳಿ 2013ರ ಅನುಮತಿ ಇತ್ತು. ಸಮುದಾಯದ ಜೊತೆ ಒಪ್ಪಂದವೂ ಇತ್ತು. ಆಮೇಲೆ ಸಂಸದೀಯ ವಿಚಾರಣೆಯಲ್ಲಿ ಹೊರಬಂದ ಸಂಗತಿ ಹೀಗಿದೆ: ಗಣಿಯ ಗುಂಡಿಗೆ ಕಂಪನಿ ನಾಲ್ಕು ಆಯ್ಕೆಗಳನ್ನು ನೋಡಿತ್ತು, ಅವುಗಳಲ್ಲಿ ಮೂರು ಗುಹೆಗಳನ್ನು ಉಳಿಸುತ್ತಿದ್ದವು, ಹೆಚ್ಚು ಅದಿರು ಸಿಗುವ ನಾಲ್ಕನೆಯದನ್ನು ಆರಿಸಿಕೊಂಡಿತ್ತು, ಉಳಿದ ಮೂರರ ಬಗ್ಗೆ ಆ ಜನರಿಗೆ ಹೇಳಿರಲಿಲ್ಲ. ಒಪ್ಪಿಗೆ ಕೇಳುವಾಗ ಬೇರೆ ದಾರಿಗಳನ್ನು ಬಚ್ಚಿಟ್ಟರೆ ಸಿಗುವ ಸಹಿಯನ್ನು ಒಪ್ಪಿಗೆ ಎನ್ನಲಾಗದು. ಕೆಲವೇ ತಿಂಗಳಲ್ಲಿ ಕಂಪನಿಯ ಮುಖ್ಯಸ್ಥರೂ ಇನ್ನಿಬ್ಬರು ಹಿರಿಯ ಅಧಿಕಾರಿಗಳೂ ಹುದ್ದೆ ಬಿಡಬೇಕಾಯಿತು.

ಗಣಿ ಉದ್ಯಮದಲ್ಲಿ ಜನರ ಒಪ್ಪಿಗೆಗೆ 'ಸಾಮಾಜಿಕ ಪರವಾನಗಿ' ಎಂಬ ಮಾತು ಬಳಕೆಯಲ್ಲಿದೆ. ಪ್ಲೇಸರ್ ಡೋಮ್ ಎಂಬ ಕೆನಡಾ ಕಂಪನಿಯ ಜಿಮ್ ಕೂನಿ 1997ರಲ್ಲಿ ಈ ಮಾತನ್ನು ಬಳಸಿದರು. ಅದರ ಹಿಂದಿನ ವರ್ಷವಷ್ಟೇ ಆ ಕಂಪನಿ ಪಾಲು ಹೊಂದಿದ್ದ ಫಿಲಿಪೀನ್ಸಿನ ಗಣಿಯೊಂದರ ತ್ಯಾಜ್ಯದ ಕೆಸರು ಬೋವಾಕ್ ನದಿಯನ್ನು ತುಂಬಿತ್ತು. ಸರ್ಕಾರದ ಪರವಾನಗಿ ಕಾಗದದ ಮೇಲೆ ಒಮ್ಮೆ ಸಿಗುತ್ತದೆ, ಜನರ ಪರವಾನಗಿಯನ್ನು ದಿನದಿನವೂ ಪಡೆಯುತ್ತಿರಬೇಕು ಎಂಬುದು ತಾತ್ಪರ್ಯ. ಈ ಮಾತಿನ ಬಗ್ಗೆ ನನಗೊಂದು ಅಳುಕಿದೆ. ಪರವಾನಗಿ ಎಂದಮೇಲೆ ಕೊಡದಿರುವ ಹಕ್ಕೂ ಇರಬೇಕು. ಬಹುಪಾಲು ಕಡೆ ಆ ಹಕ್ಕು ನೆರೆಯವರಿಗೆ ಇಲ್ಲ. ಮೂಲನಿವಾಸಿಗಳ ವಿಷಯದಲ್ಲಿ ಮಾತ್ರ ಅಂತರರಾಷ್ಟ್ರೀಯ ನೆಲೆ ಗಟ್ಟಿಯಾಗಿದೆ. 2007ರ ವಿಶ್ವಸಂಸ್ಥೆಯ ಘೋಷಣೆ ಅವರ ಮುಕ್ತ, ಮುಂಚಿತ, ಮಾಹಿತಿಪೂರ್ಣ ಸಮ್ಮತಿಯನ್ನು ಕೇಳುತ್ತದೆ. ಒಡಿಶಾದ ನಿಯಮಗಿರಿಯಲ್ಲಿ ಬಾಕ್ಸೈಟ್ ಗಣಿಯ ವಿಷಯವನ್ನು 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಗ್ರಾಮಸಭೆಗಳ ಮುಂದಿಟ್ಟಿತು. ಹನ್ನೆರಡು ಗ್ರಾಮಸಭೆಗಳು ಸೇರಿದವು, ಹನ್ನೆರಡೂ ಬೇಡವೆಂದವು, ಗಣಿಗಾರಿಕೆ ನಡೆಯಲಿಲ್ಲ.

ರಾತ್ರಿ ಎರಡು ಗಂಟೆಯ ಫೋನ್

ಇಂಥ ದೊಡ್ಡ ಪ್ರಕರಣಗಳು ಅಪರೂಪ. ಹೆಚ್ಚಿನ ಕಾರ್ಖಾನೆಗಳಲ್ಲಿ ನೆರೆಹೊರೆಯ ಸಂಬಂಧ ಗಟ್ಟಿಯಾಗುವುದೋ ಹಾಳಾಗುವುದೋ ಸಣ್ಣ ದೂರುಗಳಲ್ಲಿ. ರಾತ್ರಿ ಎರಡು ಗಂಟೆಗೆ ಕೊಳೆತ ಮೊಟ್ಟೆಯ ವಾಸನೆ, ಮಗು ಕೆಮ್ಮುತ್ತಿದೆ, ತಾಯಿ ಕಾರ್ಖಾನೆಗೆ ಫೋನ್ ಮಾಡುತ್ತಾಳೆ ಎಂದಿಟ್ಟುಕೊಳ್ಳಿ. ಫೋನ್ ಎತ್ತುವುದು ಗೇಟಿನ ಸೆಕ್ಯುರಿಟಿ. 'ಬೆಳಿಗ್ಗೆ ಆಫೀಸಿಗೆ ಮಾಡಿ' ಎಂದರೆ ಅಲ್ಲಿಗೆ ಮುಗಿಯಿತು. ಬೆಳಿಗ್ಗೆ ವಾಸನೆ ಇರುವುದಿಲ್ಲ, ಗಾಳಿ ತಿರುಗಿರುತ್ತದೆ, ಶಿಫ್ಟ್ ಬದಲಾಗಿರುತ್ತದೆ, ಏನಾಯಿತೆಂದು ತಿಳಿಯುವ ದಾರಿಯೇ ಮುಚ್ಚಿಹೋಗಿರುತ್ತದೆ.

ಸರಿಯಾದ ವ್ಯವಸ್ಥೆಯಲ್ಲಿ ಆ ಕರೆ ನೇರವಾಗಿ ಕಂಟ್ರೋಲ್ ರೂಮಿನ ಶಿಫ್ಟ್ ಇನ್‌ಚಾರ್ಜ್‌ಗೆ ಹೋಗುತ್ತದೆ. ಅವರು ಸಮಯ, ಮನೆ ಇರುವ ದಿಕ್ಕು, ವಾಸನೆಯ ಬಗೆ ಬರೆದುಕೊಳ್ಳುತ್ತಾರೆ. ಗಾಳಿ ಎತ್ತಣಿಂದ ಎತ್ತ ಬೀಸುತ್ತಿದೆ ನೋಡುತ್ತಾರೆ. ಆ ಹೊತ್ತಿಗೆ ಯಾವ ಘಟಕದಲ್ಲಿ ಏನು ನಡೆಯುತ್ತಿತ್ತು, ಯಾವ ಅಲಾರಂ ಬಂದಿತ್ತು ಎಂದು ತಮ್ಮ ಲಾಗ್ ಪುಸ್ತಕದ ಜೊತೆ ಹೋಲಿಸುತ್ತಾರೆ. ಒಬ್ಬರನ್ನು ಉಪಕರಣ ಕೊಟ್ಟು ಬೇಲಿಯ ತನಕ ಕಳಿಸುತ್ತಾರೆ. ತಾಯಿಗೆ ಆ ರಾತ್ರಿಯೇ ವಾಪಸ್ ಫೋನ್ ಮಾಡಿ, ಇದು ಅಪಾಯವೇ, ಕಿಟಕಿ ಮುಚ್ಚಬೇಕೇ ಎಂದು ಹೇಳುತ್ತಾರೆ. ಗೊತ್ತಾಗದಿದ್ದರೆ ಗೊತ್ತಾಗಿಲ್ಲ, ಹುಡುಕುತ್ತಿದ್ದೇವೆ ಎಂದೇ ಹೇಳುತ್ತಾರೆ. ಎರಡು ದಿನದಲ್ಲಿ ಕಾರಣ ಸಿಕ್ಕರೆ, ಸರಿಪಡಿಸಿದ್ದು ಏನು ಎಂದು ತಿಳಿಸುತ್ತಾರೆ. ತಿಂಗಳ ಕೊನೆಗೆ ಇಂಥ ದೂರುಗಳನ್ನೆಲ್ಲ ಒಟ್ಟಿಗೆ ಹರವಿದರೆ, ಐದು ಬೇರೆ ಬೇರೆ ಮನೆಗಳ ದೂರು ಒಂದೇ ವಾಲ್ವಿನತ್ತ ಬೆರಳು ಮಾಡುತ್ತಿರುವುದು ಕಾಣಬಹುದು. ಆಗ ದೂರು ಕೊಟ್ಟವರು ಕಾರ್ಖಾನೆಗೆ ಉಪಕಾರವನ್ನೇ ಮಾಡಿರುತ್ತಾರೆ. ಬರಬಹುದಾಗಿದ್ದ ದೊಡ್ಡ ಸೋರಿಕೆಯ ಮೊದಲ ಸೂಚನೆಯನ್ನು ಅವರ ಮೂಗು ಕೊಟ್ಟಿರುತ್ತದೆ.

ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ 2011ರಲ್ಲಿ ಒಪ್ಪಿದ, ವಿದ್ವಾಂಸ ಜಾನ್ ರಗ್ಗಿ ರೂಪಿಸಿದ, ಉದ್ಯಮ ಮತ್ತು ಮಾನವ ಹಕ್ಕುಗಳ ಮಾರ್ಗಸೂತ್ರಗಳು ಇಂಥ ದೂರು ವ್ಯವಸ್ಥೆ ಹೇಗಿರಬೇಕೆಂದು ಹೇಳುತ್ತವೆ. ಜನ ನಂಬುವಂತಿರಬೇಕು, ಎಲ್ಲರ ಕೈಗೆಟಕಬೇಕು, ಎಷ್ಟು ದಿನದಲ್ಲಿ ಏನಾಗುತ್ತದೆಂದು ಮೊದಲೇ ತಿಳಿದಿರಬೇಕು, ದೂರುಗಳಿಂದ ಸಂಸ್ಥೆ ಕಲಿಯುತ್ತಿರಬೇಕು. ನ್ಯಾಯಾಲಯಕ್ಕೆ ಹೋಗುವ ದಾರಿಯನ್ನು ಅದು ಮುಚ್ಚಬಾರದು ಎಂಬುದನ್ನೂ ಅವು ಒತ್ತಿ ಹೇಳುತ್ತವೆ. ಮಿನಮಾಟಾದ ಷರತ್ತಿನಂಥದ್ದಕ್ಕೆ ಇಲ್ಲಿ ಜಾಗವಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಹಲವು ಕಡೆ ಯಾಕೆ ನಡೆಯುವುದಿಲ್ಲ? ಕಾರಣ ಕಂಪನಿಯ ಒಳಗಿನ ರಚನೆಯಲ್ಲಿದೆ. ಊರಿನ ಜೊತೆ ಮಾತಾಡುವ ಅಧಿಕಾರಿಗೆ ಒಳ್ಳೆಯ ಮಾತು ಬರುತ್ತದೆ, ಆದರೆ ಪಂಪ್ ನಿಲ್ಲಿಸುವ ಅಧಿಕಾರ ಇರುವುದಿಲ್ಲ. ಆ ಅಧಿಕಾರ ಇರುವ ಉತ್ಪಾದನಾ ಮ್ಯಾನೇಜರ್‌ಗೆ ತಿಂಗಳ ಟನ್ ಲೆಕ್ಕ ತುಂಬಬೇಕು, ಅವರ ಬಡ್ತಿ, ಬೋನಸ್ ಅದರ ಮೇಲೆ ನಿಂತಿರುತ್ತದೆ. ಜನರಿಗೆ ಕೊಟ್ಟ ಮಾತು ಒಂದು ವಿಭಾಗದಲ್ಲಿ, ಅದನ್ನು ನಡೆಸಿಕೊಡುವ ಕೈ ಇನ್ನೊಂದು ವಿಭಾಗದಲ್ಲಿ. ಊರಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಎರಡು ಸಲ ಮಾತಾಡಿದ ಮೇಲೆ ಅವರು ಆ ಅಧಿಕಾರಿಯ ಹತ್ತಿರ ಬರುವುದನ್ನೇ ಬಿಡುತ್ತಾರೆ. ದೂರು ಕಡಿಮೆಯಾಯಿತೆಂದು ಕಂಪನಿ ಸಂತೋಷಪಡುತ್ತದೆ. ನನಗೆ ಭಯ ಹುಟ್ಟಿಸುವುದು ಆ ಮೌನ, ಯಾಕೆಂದರೆ ಅದರ ನಂತರ ಸಾಮಾನ್ಯವಾಗಿ ಬರುವುದು ರಸ್ತೆ ತಡೆ.

ಅದರ ಬೆಲೆಯನ್ನೂ ಲೆಕ್ಕ ಹಾಕಿದ್ದಾರೆ. 300ರಿಂದ 500 ಕೋಟಿ ಡಾಲರ್ ಬಂಡವಾಳದ ಗಣಿ ಯೋಜನೆಯೊಂದು ಜನರ ವಿರೋಧದಿಂದ ನಿಂತರೆ, ತಡವಾದ ಪ್ರತಿ ವಾರಕ್ಕೆ ಸುಮಾರು 2 ಕೋಟಿ ಡಾಲರ್ ನಷ್ಟ ಎಂದು 2014ರಲ್ಲಿ ಪ್ರಕಟವಾದ ಡೇನಿಯಲ್ ಫ್ರಾಂಕ್ಸ್ ಮತ್ತು ಸಂಗಡಿಗರ ಅಧ್ಯಯನ ಹೇಳಿತು.

ಮಾತನ್ನು ಕಾಗದಕ್ಕಿಳಿಸುವುದು

ಜಪಾನಿನವರು ಮಿನಮಾಟಾದಂಥ ದುರಂತಗಳಿಂದ ಕಲಿತದ್ದು ಒಪ್ಪಂದ ಬರೆಯುವುದನ್ನು. 1964ರಲ್ಲಿ ಯೊಕೊಹಾಮಾ ನಗರಾಡಳಿತ, ಅಲ್ಲಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಕಟ್ಟಲು ಬಂದ ಕಂಪನಿಯ ಜೊತೆ ಮಾಲಿನ್ಯ ನಿಯಂತ್ರಣದ ಕರಾರು ಮಾಡಿಕೊಂಡಿತು. ದೇಶದ ಕಾನೂನು ಕೇಳುವುದಕ್ಕಿಂತ ಬಿಗಿಯಾದ ಮಿತಿಗಳಿಗೆ ಕಂಪನಿ ಒಪ್ಪಿತು. ಆಮೇಲೆ ಅಂಥ ಸಾವಿರಾರು ಕರಾರುಗಳು ಜಪಾನಿನಲ್ಲಿ ಆದವು.

ಇನ್ನೂ ಮುಂದೆ ಹೋದದ್ದು ಅಮೆರಿಕದ ಮೊಂಟಾನಾ ರಾಜ್ಯದ ಒಂದು ಒಪ್ಪಂದ. ಅಲ್ಲಿ ಸ್ಟಿಲ್‌ವಾಟರ್ ಕಂಪನಿ ಪ್ಲಾಟಿನಂ ಮತ್ತು ಪಲ್ಲಾಡಿಯಂ ಗಣಿ ನಡೆಸುತ್ತಿತ್ತು. ನದಿಯ ನೀರು, ಹಳ್ಳಿ ರಸ್ತೆಯ ಮೇಲಿನ ವಾಹನಗಳ ದಟ್ಟಣೆ ಇವೇ ಅಲ್ಲಿನ ದನಗಾಹಿ ಕುಟುಂಬಗಳ ಚಿಂತೆ. ವಾದ, ಕೋರ್ಟು ಎಂದು ಹೋಗಿ, ಕೊನೆಗೆ 2000ದ ಮೇ ತಿಂಗಳಲ್ಲಿ ಸ್ಥಳೀಯ ಸಂಘಟನೆಗಳು ಮತ್ತು ಕಂಪನಿ 'ಒಳ್ಳೆಯ ನೆರೆಯವರ ಒಪ್ಪಂದ'ಕ್ಕೆ ಸಹಿ ಹಾಕಿದವು. ಕಾರ್ಮಿಕರನ್ನು ಬಸ್ಸುಗಳಲ್ಲಿ ಕರೆತಂದು ರಸ್ತೆಯ ವಾಹನಗಳನ್ನು ಕಡಿಮೆ ಮಾಡಬೇಕು, ಕಾನೂನಿಗಿಂತ ಬಿಗಿಯಾಗಿ ನೀರಿನ ಗುಣಮಟ್ಟ ಕಾಯಬೇಕು, ಎರಡೂ ಕಡೆಯವರು ನಿಯಮಿತವಾಗಿ ಸೇರಬೇಕು. ಅದರ ಹೃದಯ ಇರುವುದು ಇನ್ನೊಂದು ಅಂಶದಲ್ಲಿ. ಸ್ಥಳೀಯರಿಗೆ ತಾಂತ್ರಿಕ ಸಲಹೆ ಕೊಡುವ ಸ್ವತಂತ್ರ ತಜ್ಞರ ಖರ್ಚನ್ನು ಕಂಪನಿ ಭರಿಸುತ್ತದೆ, ತಜ್ಞರನ್ನು ಆರಿಸುವುದರಲ್ಲಿ ಸ್ಥಳೀಯರ ಮಾತು ನಡೆಯುತ್ತದೆ. ಸಾವಿರ ಪುಟದ ವರದಿಯನ್ನು ಜನರ ಮುಂದಿಟ್ಟರೆ ಮಾಹಿತಿ ಕೊಟ್ಟಂತಾಗುವುದಿಲ್ಲ. ಅದನ್ನು ಓದಿ, ಇಲ್ಲಿ ಅಂಕಿ ಹೊಂದುತ್ತಿಲ್ಲ ಎಂದು ಹೇಳಬಲ್ಲವರು ಜನರ ಕಡೆಯೂ ಇರಬೇಕು.

ಆ ಒಪ್ಪಂದ ಕಾನೂನಿನ ಪ್ರಕಾರ ಬದ್ಧ, ಮುರಿದರೆ ಕೋರ್ಟಿಗೆ ಹೋಗಬಹುದು. ಗಣಿ ಯಾರ ಕೈಗೆ ಹೋದರೂ ಕೊಂಡವರು ಅದನ್ನು ಪಾಲಿಸಬೇಕೆಂದು ಅದರಲ್ಲೇ ಬರೆದಿದೆ. 2017ರಲ್ಲಿ ದಕ್ಷಿಣ ಆಫ್ರಿಕಾದ ಸಿಬಾನ್ಯೆ ಕಂಪನಿ ಗಣಿಗಳನ್ನು ಕೊಂಡುಕೊಂಡಿತು. ಸಹಿ ಹಾಕಿದ ಕಂಪನಿಯ ಒಡೆತನ ಬದಲಾದರೂ ಒಪ್ಪಂದ ಜಾರಿಯಲ್ಲೇ ಉಳಿಯಿತು.